ಎರಡನೆಯ ಗಂಟಿಗೂ ಮೂರನೆಯ ಗಂಟಿಗೂ ನಡುವೆ

ಮದುವೆಯ ಚಿತ್ರಗಳಲ್ಲಿ ಬಾಯಿಗೆ ಮಾತು ಕೂಡಿಸುವುದು ನನ್ನ ಕಸುಬು. ಹಾಲಪ್ಪ ಎಂದರೆ ಹೊಳೆಯ ಎರಡೂ ದಡದಲ್ಲಿ ಗೊತ್ತು ಎಂದು ನಾನು ಹೇಳಿಕೊಳ್ಳುತ್ತೇನೆ. ಎರಡೂ ದಡದವರು ಅದನ್ನು ಬೇರೆ ಬೇರೆ ದನಿಯಲ್ಲಿ ಒಪ್ಪುತ್ತಾರೆ. ಅಂಗಡಿಯ ಬೋರ್ಡಿನ ಮೇಲೆ ‘ಶಬ್ದ ಮತ್ತು ಚಿತ್ರ ಸಂಯೋಜನಾ ತಜ್ಞ’ ಎಂದು ಬರೆಸಿದ್ದೆ. ಬರೆಯುವವನಿಗೆ ಜಾಗ ಸಾಲದೆ ‘ತಜ್ಞ’ ಎಂಬುದನ್ನು ಕೆಳಗಿನ ಸಾಲಿಗೆ ತಳ್ಳಿದ. ಸೂರಿನ ನೀರು ಬಿದ್ದು ಬಿದ್ದು ಅದೊಂದು ಪದ ಮಾತ್ರ ಅಳಿಸಿಹೋಯಿತು. ಮತ್ತೆ ಬರೆಸಬೇಕು ಎಂದುಕೊಳ್ಳುತ್ತಲೇ ಇದ್ದೇನೆ.

ನಮ್ಮೂರಿನ ನಡುವೆ ಹೊಳೆ. ಈಚೆದಡದಲ್ಲಿ ಹುಟ್ಟಿದ ನಾವು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರದ ಜನ, ಆಚೆದಡದವರು ಇಪ್ಪತ್ತೈದು. ಒಂದು ಚಿತ್ರದ ವ್ಯತ್ಯಾಸ ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಅವರ ದೋಸೆ ನಮ್ಮ ದೋಸೆಗಿಂತ ಒಂದು ಚೂರು ಮೊದಲೇ ಏಳುತ್ತದೆ, ಅವರ ಜಗಳ ನಮ್ಮದಕ್ಕಿಂತ ಬೇಗ ಮುಗಿಯುತ್ತದೆ. ಸಂಜೆಯಾದರೆ ಅವರು ಕೆಲಸ ಮುಗಿಸಿ ಮೆಟ್ಟಿಲ ಮೇಲೆ ಕುಳಿತು, ನೀರಿಗೆ ಕಾಲು ಬಿಟ್ಟು, ಇನ್ನೂ ಬಟ್ಟೆ ಒಗೆಯುತ್ತಿರುವ ನಮ್ಮನ್ನು ನೋಡುತ್ತಿರುತ್ತಾರೆ. ಬೆಳಗ್ಗೆ ಮಾತ್ರ ಎರಡೂ ದಡದವರು ಒಂದೇ ಸೂರ್ಯನಿಗೆ ಏಳುತ್ತೇವೆ. ದಡ ಬದಲಿಸಿದರೆ ವೇಗ ಬದಲಾಗುವುದಿಲ್ಲ. ಹುಟ್ಟಿದ್ದು ಎಲ್ಲೋ ಅಲ್ಲಿಯದೇ ಕೊನೆಯತನಕ. ಯಂತ್ರಗಳಿಗೂ ಹಾಗೆಯೇ. ಎರಡೂ ದಡದವರು ಸೇರಿ ಭಜನೆ ಮಾಡುವುದನ್ನು ನಮ್ಮ ಅಜ್ಜಂದಿರ ಕಾಲದಲ್ಲೇ ಬಿಟ್ಟರು. ಮಂಗಳಾರತಿ ಹೊತ್ತಿಗೆ ಅವರು ಪ್ರಸಾದ ತಿಂದು ಕೈ ತೊಳೆದಿರುತ್ತಿದ್ದರಂತೆ.

ಮದುವೆಗಳು ಮಾತ್ರ ದಡ ದಾಟಿ ಆಗುತ್ತಲೇ ಇರುತ್ತವೆ. ಅಂಥ ಮದುವೆಗೆ ಒಂದು ಪದ್ಧತಿಯಿದೆ: ಚಿತ್ರ ಹೆಣ್ಣಿನ ದಡದವರದು, ಶಬ್ದ ಗಂಡಿನ ದಡದವರದು. ಯಾರಿಗೂ ಅವಮಾನವಾಗಬಾರದು ಎಂದು ಹಿರಿಯರು ಮಾಡಿದ ಏರ್ಪಾಡು. ಅವಮಾನವೆಲ್ಲ ಕೊನೆಗೆ ನನ್ನ ಮೇಜಿಗೆ ಬಂದು ಸೇರುತ್ತದೆ. ಫಿಲ್ಮು ಎಂದರೆ ಏನು, ಸುಮ್ಮನೆ ನಿಂತ ಚಿತ್ರಗಳ ಉದ್ದನೆಯ ಪಟ್ಟಿ; ಓಡಿಸಿದಾಗ ಜನ ನಡೆದಂತೆ ಕಾಣುತ್ತದೆ. ನಮ್ಮ ಫಿಲ್ಮಿಗೆ ಅವರ ಟೇಪನ್ನು ಹಾಗೆಯೇ ಕೂಡಿಸಿದರೆ ಮೊದಮೊದಲು ಎಲ್ಲ ಸರಿಯಾಗಿರುತ್ತದೆ. ಆಮೇಲೆ ಶಬ್ದ ಮುಂದಕ್ಕೆ ಜಾರತೊಡಗುತ್ತದೆ. ಪುರೋಹಿತರು ಬಾಯಿ ತೆರೆಯುವ ಮುಂಚೆ ಮಂತ್ರ ಮುಗಿದಿರುತ್ತದೆ, ಬೀಗರು ತಬ್ಬಿಕೊಳ್ಳುವ ಮುಂಚೆ ಎಲೆ ಹಾಸುವ ಸದ್ದು ಬರುತ್ತದೆ. ಅದಕ್ಕೆ ಅವರ ಟೇಪನ್ನು ನಿಧಾನವಾಗಿ ಓಡಿಸಿ ಇನ್ನೊಂದು ಟೇಪಿಗೆ ಇಳಿಸಿಕೊಳ್ಳುತ್ತೇನೆ. ಇದನ್ನು ಎಳೆಯುವುದು ಎನ್ನುತ್ತೇವೆ. ಎಳೆದರೆ ಸಮಯ ಹೊಂದುತ್ತದೆ, ದನಿ ದಪ್ಪವಾಗುತ್ತದೆ. ಆಚೆದಡದ ಹೆಂಗಸರು ಈ ವಿಷಯದಲ್ಲಿ ನನ್ನನ್ನು ಇನ್ನೂ ಕ್ಷಮಿಸಿಲ್ಲ. “ಎಮ್ಮೆ ಕೂಗಿದ ಹಾಗೆ ಮಾಡಿದೀರ ನನ್ನ ದನೀನ” ಎಂದು ಒಬ್ಬಾಕೆ ಸಂತೆಯಲ್ಲೇ ಜಾಡಿಸಿದ್ದಳು. ಅದು ವಿಜ್ಞಾನ ಎಂದು ನಾನು ವಿವರಿಸತೊಡಗಿದೆ. ವಿವರಣೆಯ ಅರ್ಧಕ್ಕೆ ಅವಳು ತರಕಾರಿ ಕೊಂಡು ಮನೆ ಸೇರಿದ್ದಳು.

ನನ್ನ ಹೆಂಡತಿ ಸುಲೋಚನ ಆಚೆದಡದವಳು. ಇಪ್ಪತ್ತು ವರ್ಷದಿಂದ ನನ್ನ ಮನೆಯಲ್ಲಿದ್ದಾಳೆ, ವೇಗ ಮಾತ್ರ ತವರಿನದು. ನಾನು ಒಂದು ವಾಕ್ಯ ಎತ್ತಿಕೊಂಡರೆ ಅವಳು ಕ್ರಿಯಾಪದ ಗೊತ್ತಾದವಳಂತೆ ತಲೆಯಾಡಿಸಿ, ಮಿಕ್ಕಿದ್ದು ಬಂದು ಸೇರುವವರೆಗೆ ಹುಣಸೆಹಣ್ಣು ಬಿಡಿಸುತ್ತಾಳೆ. ಇದು ಗೌರವ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಅವಳ ತಮ್ಮ ಚಂದ್ರಕಾಂತ ಆಚೆದಡದ ಮೈಕ್‌ಸೆಟ್ಟಿನ ಮಾಲೀಕ. ಹಾಗಾಗಿ ನಮ್ಮ ದಡದ ಹೆಣ್ಣು ಆಚೆಗೆ ಹೋಗುವ ಮದುವೆಗಳಲ್ಲೆಲ್ಲ ಚಿತ್ರ ನನ್ನದು, ಶಬ್ದ ನನ್ನ ಭಾವಮೈದುನನದು.

ಈಚೆದಡದಲ್ಲಿ ಹಿಟ್ಟಿನ ಗಿರಣಿ ನಡೆಸುವ ಗಿರಿಯಪ್ಪನ ಮಗಳು ನಾಗವೇಣಿಗೆ ಆಚೆದಡದ ಸೋಡಾ ಫ್ಯಾಕ್ಟರಿಯ ಜಯದೇವನ ಜೊತೆ ಮದುವೆ ಗೊತ್ತಾದಾಗಲೂ ಅಷ್ಟೇ. ಹುಡುಗ ಒಳ್ಳೆಯವನು, ಗೋಲಿಸೋಡಾದ ಬಾಟಲಿ ಹಿಡಿದು ಹಿಡಿದು ಬೆರಳು ಬಿರುಸಾದವನು. ಹುಡುಗಿ ಗಿರಣಿಯ ಬೆಲ್ಟು ತಾನೇ ಏರಿಸುವಂಥವಳು. ಎರಡು ಕಡೆಯವರಿಗೂ ಸಂತೋಷವಾಗಿತ್ತು. ನನಗೆ ಹೆಚ್ಚು ಸಂತೋಷವಾಗಿತ್ತು. ಹೊಸದಾಗಿ ಹೊಲಿಸಿದ ಸಫಾರಿ ಹಾಕಲು ಒಂದು ಮದುವೆ ಬೇಕಾಗಿತ್ತು.

ಚಿತ್ರಕ್ಕೂ ಶಬ್ದಕ್ಕೂ ಒಂದು ಗುರುತು ಬೇಕು. ಅದಕ್ಕೆ ನಾನು ಶುರುವಿನಲ್ಲಿ ಕ್ಯಾಮೆರಾದ ಮುಂದೆ ನಿಂತು ಒಂದು ಸಲ ಚಪ್ಪಾಳೆ ಹೊಡೆಯುತ್ತೇನೆ. ಫಿಲ್ಮಿನಲ್ಲಿ ಕೈ ಸೇರುವುದು ಕಾಣುತ್ತದೆ, ಟೇಪಿನಲ್ಲಿ ಸದ್ದು ಕೇಳುತ್ತದೆ, ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಆಯಿತು. ಅವತ್ತು ಆಚೆದಡದ ಛತ್ರದಲ್ಲಿ ನಾನು ಸಫಾರಿಯ ಕಾಲರು ಸರಿಮಾಡಿಕೊಂಡು, ಗಂಟಲು ಕೆಮ್ಮಿ, ಸ್ವಲ್ಪ ಗತ್ತಿನಿಂದಲೇ ಕೈ ತಟ್ಟಿದೆ. ಏನೋ ಶುಭಕಾರ್ಯದ ಆರಂಭ ಎಂದುಕೊಂಡು ಮಂಟಪದಲ್ಲಿ ಕೂತ ಜನವೆಲ್ಲ ಚಪ್ಪಾಳೆ ಹೊಡೆದರು. ಆಚೆದಡದವರು ನಾನು ಕೈ ಇಳಿಸುವ ಮೊದಲೇ ಮುಗಿಸಿದರು, ಈಚೆದಡದವರು ಕಾಫಿ ಬರುವವರೆಗೂ ಹೊಡೆಯುತ್ತಿದ್ದರು. ಗುರುತು ಹಾಳಾಯಿತು. ಆದರೂ ನಾನು ಎರಡೂ ಕಡೆಗೆ ಕೈ ಮುಗಿದೆ. ನನಗಾಗಿ ಯಾರಾದರೂ ಚಪ್ಪಾಳೆ ಹೊಡೆದದ್ದು ಅದೇ ಮೊದಲು.

ಮಿಕ್ಕಿದ್ದೆಲ್ಲ ಎಲ್ಲ ಮದುವೆಯಂತೆಯೇ ನಡೆಯಿತು. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಎದ್ದಿತು, ಅಕ್ಕಿ ಹಾರಿತು. ನಾನು ಸ್ಟೂಲಿನ ಮೇಲೆ ನಿಂತು ಜಯದೇವನ ಕೈಯನ್ನೇ ಹಿಡಿದು ತೆಗೆದೆ. ನಾಗವೇಣಿ ತಲೆ ಬಗ್ಗಿಸಿದ್ದಳು; ಬಾಸಿಂಗ, ಹೂವು, ಅಕ್ಕಿ ಎಲ್ಲ ಸೇರಿ ಅವಳ ಮುಖ ಕಾಣುತ್ತಿರಲಿಲ್ಲ. ಊಟವಾಯಿತು. ಹೆಣ್ಣು ಒಪ್ಪಿಸುವ ಹೊತ್ತಿಗೆ ಹುಡುಗಿ ಇರಲಿಲ್ಲ. ಹುಡುಕಿದರೆ ಧಾರೆ ಸೀರೆಯಲ್ಲೇ ಸೇತುವೆ ದಾಟಿ ಬಂದು ಅಪ್ಪನ ಗಿರಣಿಯ ಅಟ್ಟದ ಮೇಲೆ ಕೂತಿದ್ದಳು. ಕೆಳಗಿನಿಂದ ತಾಯಿ ಕೂಗಿದ್ದಕ್ಕೆ “ನಾನು ಬೇಡ ಅಂದಿದ್ದೆ” ಎಂದಳಂತೆ.

ಮೂರನೇ ದಿನ ಎರಡೂ ದಡದವರು ಸೇತುವೆಯ ಕಟ್ಟೆಯ ಮೇಲೆ ಸೇರಿದರು. ನ್ಯಾಯ ಹೇಳುವವರು ಮರುಳಯ್ಯ. ಅವರ ತಾಯಿ ಹೆರಿಗೆಗೆಂದು ತವರಿಗೆ ಹೋಗುತ್ತಾ ಸೇತುವೆಯ ಮಧ್ಯದಲ್ಲೇ ಹೆತ್ತಳು. ಹಾಗಾಗಿ ಅವರು ಯಾವ ದಡಕ್ಕೂ ಸೇರಿಲ್ಲ. ಮಾತನ್ನು ನಿಧಾನವಾಗಿ ಶುರುಮಾಡಿ ಕೊನೆಗೆ ಓಡಿಸಿಬಿಡುತ್ತಾರೆ. ಚಂದ್ರಕಾಂತ ತನ್ನ ಟೇಪನ್ನು ಮೂರು ಸಲ ಕೇಳಿಸಿದ. ಗಟ್ಟಿಮೇಳದ ಡೋಲು, ನಾಗಸ್ವರ, ಜನರ ಗದ್ದಲ, ಅದರ ನಡುವೆ ಒಂದು ಹೆಣ್ಣು ದನಿ: “ಬೇಡ.”

“ಅದು ನಾನು” ಎಂದಳು ಜಯದೇವನ ಸೋದರತ್ತೆ. “ಯಾರೋ ಕಾಫಿ ತಂದ್ರು. ಬೇಡ ಅಂದೆ.”

“ಗಟ್ಟಿಮೇಳದಾಗೆ ಯಾರಮ್ಮ ಕಾಫಿ ತರ್ತಾರೆ?” ಎಂದ ಗಿರಿಯಪ್ಪ. “ನನ್ನ ಮಗಳ ದನಿ ನನಗೆ ಗೊತ್ತಾಗಲ್ವೇನು? ತಾಳಿಗೆ ಮುಂಚೆ ಅಂದಿದಾಳೆ. ಮದುವೇನೇ ಆಗಿಲ್ಲ.”

“ಅಂದಿದ್ರೂ ತಾಳಿ ಆದಮೇಲೆ ಅಂದಿರೋದು” ಎಂದರು ಗಂಡಿನ ಕಡೆಯವರು. ಅದನ್ನು ಹೇಳಿ ಮುಗಿಸಿ, ಎದ್ದು, ಚಪ್ಪಲಿಯನ್ನೂ ಮೆಟ್ಟಿದ್ದರು.

ಮರುಳಯ್ಯ ಗಡ್ಡ ಸವರಿಕೊಂಡರು. “ತಾಳಿ ಕಟ್ಟೋದು... ಹಾಲಪ್ಪನ ರೀಲಿನಲ್ಲಿದೆ. ಬೇಡ ಅಂದಿದ್ದು... ಚಂದ್ರಕಾಂತನ ಟೇಪಿನಲ್ಲಿದೆ. ಎರಡೂಕೂಡಿಸಿದರೆಯಾವುದುಮೊದಲುಅಂತಗೊತ್ತಾಗುತ್ತಲ್ಲ ಭಾನುವಾರತೋರಿಸಯ್ಯ.”

ಸಭೆಯ ಕಣ್ಣೆಲ್ಲ ನನ್ನ ಕಡೆ ತಿರುಗಿತು. ಆ ಹೊತ್ತಿನಲ್ಲಿ ನನಗೆ ಹೆದರಿಕೆಯಾಗಬೇಕಿತ್ತು. ಬದಲಿಗೆ ಹೊಟ್ಟೆಯಲ್ಲಿ ಒಂದು ಬಗೆಯ ಹಿಗ್ಗು ಎದ್ದಿತು. ನಾನು ನಿಂತು, “ಇದು ಬಹಳ ಸೂಕ್ಷ್ಮವಾದ ಕೆಲಸ” ಎಂದು ಭಾಷಣ ಶುರುಮಾಡಿದೆ. ಕೇಳಲು ಕೊನೆಗೆ ಉಳಿದಿದ್ದವರು ಈಚೆದಡದವರು ಮಾತ್ರ.

ಮನೆಯಲ್ಲಿ ನನ್ನ ಮೇಜಿಗೆ ಎರಡು ಹಿಡಿಕೆಗಳಿವೆ. ಒಂದು ತಿರುಗಿಸಿದರೆ ಫಿಲ್ಮು ಚಲಿಸುತ್ತದೆ, ಇನ್ನೊಂದಕ್ಕೆ ಟೇಪು. ಚಪ್ಪಾಳೆ ಕೈಕೊಟ್ಟಿದ್ದರಿಂದ ಬೇರೆ ಗುರುತು ಹುಡುಕಿದೆ. ಶುರುವಿನಲ್ಲಿ ನಾಗವೇಣಿಯ ತಾಯಿ ತಾಮ್ರದ ಬಿಂದಿಗೆಯನ್ನು ಕೈಜಾರಿ ಬೀಳಿಸಿದ್ದಳು, ಕೊನೆಯಲ್ಲಿ ಮಂಟಪದ ಒಂದು ಬಲ್ಬು ಢಂ ಎಂದು ಒಡೆದಿತ್ತು. ಬಿಂದಿಗೆಗೆ ಬಿಂದಿಗೆ ಕೂರಿಸಿ, ಟೇಪನ್ನು ಎಳೆಯುತ್ತಾ ಬಂದು, ಬಲ್ಬಿಗೆ ಬಲ್ಬು ಬಂದು ಕೂತರೆ ನಡುವಿನದೆಲ್ಲ ಸರಿ ಎಂದು ಅರ್ಥ. ಹೇಳಲು ಸುಲಭ. ನಾನು ಒಂದು ಸಲ ಹೆಚ್ಚು ಎಳೆದೆ, ಒಂದು ಸಲ ಕಡಿಮೆ ಎಳೆದೆ, ಒಂದು ಸಲ ಎಲ್ಲ ಸರಿಮಾಡಿ ಸಫಾರಿಯ ತೋಳನ್ನು ಹಿಡಿಕೆಗೆ ಸಿಕ್ಕಿಸಿಕೊಂಡೆ.

ಸುಲೋಚನ ಬಾಗಿಲಲ್ಲಿ ನಿಂತು ಕೇಳಿದಳು. “ಕಾಫಿ ಬೇಡ ಅನ್ನೋ ದನಿನಾ ಅದು? ರೀ, ಯಾರಾದ್ರೂ ಆ ಹುಡುಗೀನ...”

“ನೋಡು ಸುಲೋಚನ,” ಎಂದೆ ನಾನು, “ದನಿ ಯಾರದು ಅನ್ನೋದು ನನ್ನ ವ್ಯಾಪ್ತಿಗೆ ಬರಲ್ಲ. ನಾನು ಸಮಯ ನೋಡೋನು. ಇದರಲ್ಲಿ ಭಾವನೆ ಬೆರೆಸಬಾರದು.” ಇಪ್ಪತ್ತು ವರ್ಷದಲ್ಲಿ ನಾನು ಅವಳ ಮಾತನ್ನು ತಡೆದು ಮಾತಾಡಿದ್ದು ಅದೊಂದೇ ಸಲ ಇರಬೇಕು. ಅವಳು ಸೌತೆಕಾಯಿ ಹೆಚ್ಚಲು ಒಳಗೆ ಹೋದಳು. ಬಹಳ ಹೊತ್ತು ಒಂದೇ ಸೌತೆಕಾಯಿ ಹೆಚ್ಚುತ್ತಿದ್ದ ಸದ್ದು ಕೇಳಿಸುತ್ತಿತ್ತು.

ಆ ವಾರವೆಲ್ಲ ನಮ್ಮ ಮನೆಗೆ ನೆಂಟರು. ಗಿರಿಯಪ್ಪ ಸ್ವತಃ ಬಂದು ಒಂದು ಡಬ್ಬಿ ಚಕ್ಕುಲಿ ಇಟ್ಟು, “ನಮ್ಮ ದಡದೋನು ನೀನು, ನಿನಗೆ ಹೇಳೋದೇನೈತೆ ಹಾಲಪ್ಪ” ಎಂದ. ಏನೂ ಹೇಳಬೇಕಾಗಿಲ್ಲ, ಯಂತ್ರ ನಿಮ್ಮ ಕಡೆಗೇ ಇದೆ ಎಂದೆ. ಮರುದಿನ ಚಂದ್ರಕಾಂತ ಅವರ ಕಡೆಯ ಹಿರಿಯರನ್ನು ಕರೆತಂದ. “ಭಾವ, ನೀವು ನಮ್ಮ ಮನೆ ಅಳಿಯ ಅಲ್ವಾ” ಎಂದ. ಅವರೂ ಹೋಳಿಗೆ ತಂದಿದ್ದರು. ಯಂತ್ರ ನಿಮ್ಮ ಕಡೆಗೇ ವಾಲುತ್ತಿದೆ ಎಂದೆ. ನಾನು ಸುಳ್ಳು ಹೇಳಲಿಲ್ಲ. ಆ ದಿನಗಳಲ್ಲಿ ನನ್ನ ಎಳೆತ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋಗುತ್ತಲೇ ಇತ್ತು. ಶನಿವಾರ ಮಧ್ಯಾಹ್ನ ಬಿಂದಿಗೆಗೆ ಬಿಂದಿಗೆ, ಬಲ್ಬಿಗೆ ಬಲ್ಬು ಅಚ್ಚುಕಟ್ಟಾಗಿ ಕೂತವು. ಆಮೇಲೆ ತಾಳಿಯ ಜಾಗಕ್ಕೆ ಬಂದು, ಫಿಲ್ಮನ್ನು ಒಂದೊಂದೇ ಚಿತ್ರ ಸರಿಸುತ್ತಾ “ಬೇಡ” ಎಲ್ಲಿ ಬೀಳುತ್ತದೆ ನೋಡಿದೆ. ಮತ್ತೆ ನೋಡಿದೆ. ಮಿಕ್ಕಿದ್ದ ಚಕ್ಕುಲಿ, ಹೋಳಿಗೆ ಎರಡನ್ನೂ ಕಣ್ಣಿಗೆ ಬೀಳದಂತೆ ಮೇಜಿನ ಕೆಳಗೆ ತಳ್ಳಿದೆ.

ಭಾನುವಾರ ಮಧ್ಯಾಹ್ನ ಸೇತುವೆಯ ಬುಡದ ಹಳೆಯ ಸುಂಕದ ಕಟ್ಟಡದಲ್ಲಿ ಊರಿಗೆ ಊರೇ ಸೇರಿತು. ಕಿಟಕಿಗಳಿಗೆಲ್ಲ ತಾಡಪಾಲು ಕಟ್ಟಿ ಕತ್ತಲೆ ಮಾಡಿದ್ದರು. ಒಳಗೆ ಬೆವರು, ಮಲ್ಲಿಗೆ, ಬೀಡಿಯ ವಾಸನೆ. ಎಡಕ್ಕೆ ನಮ್ಮವರು, ಬಲಕ್ಕೆ ಅವರು. ಎರಡು ಕಡೆಯವರೂ ಗೆದ್ದವರ ಮುಖ ಹೊತ್ತು ಕೂತಿದ್ದರು. ಅದು ನಾನು ಹಂಚಿದ ಗೆಲುವು. ಜಯದೇವ ಹಿಂದಿನ ಸಾಲಿನಲ್ಲಿ ಒಬ್ಬನೇ ಕೂತಿದ್ದ. ನಾಗವೇಣಿಯನ್ನು ಅವಳ ತಾಯಿ ಕೈಹಿಡಿದು ತಂದು ಗೋಡೆಯ ಪಕ್ಕ ಕೂರಿಸಿದ್ದಳು. ಕುತ್ತಿಗೆಯಲ್ಲಿ ಅರಿಶಿನದ ದಾರ ಇನ್ನೂ ಇತ್ತು.

ನಾನು ಒಂದು ಕೈ ಪ್ರೊಜೆಕ್ಟರಿಗೆ, ಒಂದು ಕೈ ಟೇಪಿಗೆ ಇಟ್ಟು ಎರಡನ್ನೂ ಒಟ್ಟಿಗೆ ಬಿಟ್ಟೆ. ಬಿಂದಿಗೆ ಬಿತ್ತು, ಸದ್ದು ಬಂತು. ಸಭೆ ಮೆಚ್ಚುಗೆಯಿಂದ ಗುನುಗಿತು. ನಾನು ಕತ್ತಲಲ್ಲೇ ಸ್ವಲ್ಪ ತಲೆಬಾಗಿದೆ. ಆದರೆ ಹೊತ್ತು ಹೋಗುತ್ತಾ ಪುರೋಹಿತರ ಮಂತ್ರ ಅವರ ತುಟಿಗಿಂತ ಮುಂದೆ ಹೋಗತೊಡಗಿತು. ಗಿರಿಯಪ್ಪ ಪರದೆಯ ಮೇಲೆ ಇನ್ನೂ ನಗುತ್ತಿದ್ದಾನೆ, ಯಾರನ್ನೋ ಬೈದ ಮಾತು ಆಗಲೇ ಕೇಳಿಬಂತು. ಸೋದರತ್ತೆ ಆಕಳಿಸಲು ಬಾಯಿ ತೆರೆದಾಗ ಒಳಗಿಂದ ನಾಗಸ್ವರ ಬಂತು. ಜನ ನಗತೊಡಗಿದರು. ನಾನು ಟೇಪಿನ ಡಬ್ಬಿಯ ಕಡೆ ಬಗ್ಗಿ ನೋಡಿದೆ. ಎಳೆದ ಟೇಪಿಗೂ ಎಳೆಯದ ಟೇಪಿಗೂ ಒಂದೇ ಥರದ ಡಬ್ಬಿ. ಗಾಬರಿಯಲ್ಲಿ ನಾನು ಚಂದ್ರಕಾಂತನ ಮೂಲ ಟೇಪನ್ನೇ ಹಾಕಿಬಿಟ್ಟಿದ್ದೆ. ನಿಲ್ಲಿಸಬೇಕು ಎನ್ನುವಷ್ಟರಲ್ಲಿ ಗಟ್ಟಿಮೇಳ ಶುರುವಾಯಿತು. ಪರದೆಯ ಮೇಲೆ ನಾಗವೇಣಿ ಇನ್ನೂ ಮಂಟಪಕ್ಕೆ ಬಂದಿರಲಿಲ್ಲ. ಸೋದರಮಾವ ಅವಳ ಕೈ ಹಿಡಿದು ಒಳಕೋಣೆಯ ಬಾಗಿಲಿಂದ ಕರೆತರುತ್ತಿದ್ದ, ಅವಳು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಆಗ ಕೇಳಿಸಿತು: “ಬೇಡ.”

ಎಡಗಡೆಯವರು ಎದ್ದು ನಿಂತು ಕೇಕೆ ಹಾಕಿದರು. “ನೋಡ್ರಪ್ಪ! ಮಂಟಪ ಹತ್ತೋ ಮುಂಚೇನೇ ಅಂದಿದಾಳೆ!”

“ಮೋಸ! ಟೇಪು ಎಳೆದಿಲ್ಲ ಇದು!” ಎಂದು ಚಂದ್ರಕಾಂತ ಕೂಗಿದ. “ಭಾವ, ಏನು ಹುಡುಗಾಟ ಇದು? ನನ್ನ ಟೇಪು ನನಗೆ ಗೊತ್ತಾಗಲ್ವಾ?”

“ತಾಂತ್ರಿಕ ಅಡಚಣೆ” ಎಂದು ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ. ಬಾಗಿಲು ತೆರೆದು ಬೆಳಕು ಮಾಡಿ, ರೀಲು ಸುತ್ತಿ, ಸರಿಯಾದ ಟೇಪು ಹಾಕಿ, ಮತ್ತೆ ಬಾಗಿಲು ಮುಚ್ಚುವಷ್ಟರಲ್ಲಿ ಬಲಗಡೆಯವರು ನನ್ನ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದರು. ಎಡಗಡೆಯವರು ಆಗತಾನೆ ಶುರುಮಾಡಿದ್ದರು.

ಎರಡನೇ ಸಲ ಎಲ್ಲ ಹೊಂದಿತು. ಆಚೆದಡದವರ ದನಿ ದಪ್ಪವಾಗಿದ್ದರೂ ತುಟಿಗೆ ಮಾತು ಅಂಟಿಕೊಂಡೇ ಬಂತು. ನಾಗವೇಣಿ ಮಂಟಪಕ್ಕೆ ಬಂದಳು, ಕೂತಳು, ತಲೆ ಬಗ್ಗಿಸಿದಳು. ಡೋಲು ಎದ್ದಿತು. ಜಯದೇವನ ಕೈ ಅವಳ ಕುತ್ತಿಗೆಯ ಹಿಂದೆ ಹೋಯಿತು. ಒಂದು ಗಂಟು. ಎರಡು ಗಂಟು. “ಬೇಡ.” ಮೂರು ಗಂಟು. ಅಕ್ಕಿ ಹಾರಿತು.

ನಾನು ಯಂತ್ರ ನಿಲ್ಲಿಸಿದೆ. ಬಾಗಿಲು ತೆರೆದರು. ನನ್ನ ಜೀವಮಾನದಲ್ಲೇ ಅಷ್ಟು ಕರಾರುವಾಕ್ಕಾಗಿ ನಾನು ಏನನ್ನೂ ಕೂಡಿಸಿರಲಿಲ್ಲ. ಅಷ್ಟು ನಿರುಪಯೋಗಿಯಾದ್ದನ್ನೂ ಕೂಡಿಸಿರಲಿಲ್ಲ.

“ಮೂರು ಗಂಟು ಬಿದ್ರೇನೇ ಮದುವೆ!” ಎಂದ ಗಿರಿಯಪ್ಪ.

“ಮೊದಲನೇ ಗಂಟಿಗೇ ಆಯ್ತು. ಮಿಕ್ಕಿದ್ದೆರಡು ಬಿಗಿಗೆ” ಎಂದರು ಗಂಡಿನ ಕಡೆಯವರು.

ಪುರೋಹಿತರನ್ನು ಕೇಳಿದರು. ಅವರು ಶಾಸ್ತ್ರ ಇದಕ್ಕೆ ಎರಡು ಬಗೆಯಾಗಿ ಹೇಳುತ್ತದೆ ಎಂದು ಒಂದು ಬಗೆಯನ್ನು ಶುರುಮಾಡಿದರು. ಎರಡನೇ ಗಂಟು ಯಾವುದಕ್ಕೆ ಸೇರಬೇಕು ಎಂಬ ಬಗ್ಗೆ ಎರಡು ಕಡೆಯವರೂ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದರು. ಯಾರೋ ನನ್ನ ಸಫಾರಿಯ ಜೇಬು ಹಿಡಿದು, “ಇನ್ನೊಂಚೂರು ಎಳೆದಿದ್ರೆ ಏನಾಗ್ತಿತ್ತು ನಿನಗೆ?” ಎಂದು ಕೇಳುತ್ತಿದ್ದರು. ಮರುಳಯ್ಯ ಎರಡೂ ಕೈ ಎತ್ತಿ “ಸಮಾಧಾನ... ಸಮಾಧಾನಸಮಾಧಾನಸಮಾಧಾನ” ಎನ್ನುತ್ತಿದ್ದರು.

“ಮೊದಲು ಹಾಕಿದ್ರಲ್ಲ ಹಾಲಪ್ಪಣ್ಣ,” ಎಂದಿತು ಒಂದು ದನಿ, “ಅದೇ ಸರಿ.”

ನಾಗವೇಣಿ ಎದ್ದು ನಿಂತಿದ್ದಳು. ಜೋರಾಗಿಯೇನೂ ಹೇಳಿರಲಿಲ್ಲ. ಗದ್ದಲ ತಾನಾಗಿಯೇ ಇಳಿಯಿತು, ಬಲಗಡೆ ಒಂದು ಚೂರು ಮೊದಲು, ಎಡಗಡೆ ಆಮೇಲೆ.

“ಅದು ತಪ್ಪು ಟೇಪಮ್ಮ” ಎಂದೆ ನಾನು. ಅಂಥ ಹೊತ್ತಿನಲ್ಲೂ ನನಗೆ ಯಂತ್ರದ ಚಿಂತೆಯೇ.

“ತಪ್ಪಿರಬಹುದು. ಮಂಟಪಕ್ಕೆ ಬರೋ ಮುಂಚೆ ಅಂದಿದ್ದು ಮಾತ್ರ ನಿಜ. ಅವರೆಲ್ಲ ನೋಡೋಕೆ ಬಂದು ಹೋದ ದಿನ ಅಮ್ಮಂಗೆ ಅಂದೆ, ಅಡಿಗೆಮನೇಲಿ. ಅಮ್ಮ ಉಪ್ಪಿಟ್ಟು ಚೆನ್ನಾಗಿ ಆಗಿತ್ತು ಅಂತ ಹೇಳ್ತಾ ಇದ್ರು. ಅಪ್ಪಂಗೆ ಅಂದೆ. ಗಿರಣಿ ಓಡ್ತಿತ್ತು, ಏನಂದೆ ಅಂತ ಕೇಳಿದ್ರು. ಮತ್ತೆ ಅಂದೆ. ಆಯ್ತು ಆಮೇಲೆ ನೋಡೋಣ ಅಂದ್ರು. ಅವತ್ತು ಹೊಸ್ತಿಲಲ್ಲಿ ಮಾವಂಗೆ ಅಂದೆ. ಕೊನೇದು ಮಾತ್ರ ನಿಮ್ಮ ಟೇಪಿಗೆ ಸಿಕ್ಕಿದೆ. ಎಂಟು ದಿನದಿಂದ ಅದು ತಾಳಿಗೆ ಮುಂಚೇನೋ ಆಮೇಲೋ ಅಂತ ನೋಡ್ತಾ ಇದೀರ. ನಾನು ಅಟ್ಟದ ಮೇಲೇ ಇದ್ದೆ. ಒಬ್ಬರಾದ್ರೂ ಏಣಿ ಹತ್ತಿ ಬಂದು ಕೇಳಬಹುದಿತ್ತು.”

ಗಿರಿಯಪ್ಪ ಎಡಗಡೆಯವರ ಮುಖ ನೋಡಿದ. ಗೆಲ್ಲುತ್ತಿರುವವನು ತಾನೋ ಅಲ್ಲವೋ ಅವನಿಗೆ ತಿಳಿಯಲಿಲ್ಲ.

“ಹುಡುಗನಲ್ಲಿ ಏನಮ್ಮ... ಕೊರತೆ?” ಎಂದರು ಮರುಳಯ್ಯ.

“ಏನೂ ಇಲ್ಲ ಅಜ್ಜ. ಅವರು ಒಳ್ಳೆಯೋರು. ಆದ್ರೆ ನಿಶ್ಚಿತಾರ್ಥಕ್ಕೆ ಅವರ ಮನೇಗೆ ಹೋದಾಗ ಯಾರೋ ತಮಾಷೆ ಮಾಡಿದ್ರು. ನನಗೆ ನಗು ಬರೋ ಹೊತ್ತಿಗೆ ಅವರೆಲ್ಲ ನಕ್ಕು ಮುಗಿಸಿ, ನಾನು ಯಾಕೆ ನಗ್ತಿದೀನಿ ಅಂತ ನನ್ನ ಕಡೆ ನೋಡ್ತಿದ್ರು. ಪಾಪ, ಕಾಯ್ತಿದ್ರು ನನಗೋಸ್ಕರ. ಸುಲೋಚನಕ್ಕ ಇಪ್ಪತ್ತು ವರ್ಷದಿಂದ ಹಾಲಪ್ಪಣ್ಣನ ಮಾತು ಮುಗೀಲಿ ಅಂತ ಕಾಯ್ತಾರಲ್ಲ, ಹಾಗೆ. ಹಾಲಪ್ಪಣ್ಣನಿಗೆ ಅದು ಗೊತ್ತಿಲ್ಲ, ಆರಾಮಾಗಿದಾರೆ. ನನಗೆ ಗೊತ್ತಾಗುತ್ತೆ. ದಿನಾ ಯಾರೋ ನನಗೋಸ್ಕರ ಕಾಯ್ತಿದಾರೆ ಅಂತ ಗೊತ್ತಿದ್ದುಕೊಂಡು ನಾನು ಹೇಗೆ ಬಾಳಲಿ?”

ಎರಡೂ ದಡದ ಜನ, ಬದುಕಿನಲ್ಲಿ ಮೊದಲ ಬಾರಿಗೆ ಇರಬೇಕು, ಒಂದೇ ಕ್ಷಣದಲ್ಲಿ ನನ್ನ ಕಡೆ ತಿರುಗಿ ನೋಡಿದರು. ಪ್ರೊಜೆಕ್ಟರಿನ ಬಿಸಿ ಮುಖಕ್ಕೆ ಹೊಡೆಯುತ್ತಿದೆ ಎಂಬಂತೆ ನಾನು ಅದರ ಮುಚ್ಚಳ ಸರಿಮಾಡಿದೆ. ಅದು ಆಗಲೇ ಆರಿತ್ತು. ಹೆಂಗಸರ ಸಾಲಿನಲ್ಲಿ ಸುಲೋಚನ ಎಲ್ಲಿದ್ದಾಳೆಂದು ನೋಡುವ ಧೈರ್ಯ ನನಗೆ ಬರಲಿಲ್ಲ.

ಆಗ ಜಯದೇವ ಹಿಂದಿನ ಸಾಲಿನಿಂದ ಎದ್ದು ಬಂದ. “ನನಗೆ ಕೇಳಿಸಿತ್ತು” ಎಂದ. ಅವನ ಕಡೆಯವರು ಏನೋ ಹೇಳಹೋದರು, ಅವನು ಕೈಯೆತ್ತಿ ತಡೆದ. “ಎರಡನೇ ಗಂಟು ಹಾಕ್ತಿದ್ದೆ, ಬೇಡ ಅಂದಿದ್ದು ಕಿವಿಗೆ ಬಿತ್ತು. ಅದು ನನಗೇ ಹೇಳಿದ್ದು ಅಂತ ತಲೆಗೆ ಹೋಗೋ ಹೊತ್ತಿಗೆ ಕೈ ಮೂರನೇದನ್ನ ಹಾಕಿಬಿಟ್ಟಿತ್ತು. ನಾನು ಆಗಲೇ ಹೇಳಬೇಕಿತ್ತು. ಗಟ್ಟಿಮೇಳ ನಡೀತಿದೆ, ಸಾವಿರ ಜನ ಕೂತಿದಾರೆ, ಏನಂತ ಹೇಳಲಿ ಅಂತ ಸುಮ್ಮನಿದ್ದೆ. ಎಂಟು ದಿನದಿಂದ ಅನ್ನ ಇಳೀತಿಲ್ಲ ನನಗೆ.” ನಾಗವೇಣಿಯ ಕಡೆ ನೋಡದೆ, “ತಪ್ಪಾಯ್ತು” ಎಂದ.

“ನೀವು ತಿರುಗಿ ನೋಡಿದ್ರಿ” ಎಂದಳು ನಾಗವೇಣಿ. “ಅದಷ್ಟೇ ಗೊತ್ತಿತ್ತು ನನಗೆ. ಅಷ್ಟು ಜನರಲ್ಲಿ ನೀವೊಬ್ಬರೇ ತಿರುಗಿ ನೋಡಿದ್ದು.”

ಅವಳು ಅರಿಶಿನದ ದಾರವನ್ನು ತಲೆಯ ಮೇಲಿನಿಂದ ತೆಗೆದು, ಮಡಿಸಿ, ಮರುಳಯ್ಯನವರ ಅಂಗೈಯಲ್ಲಿಟ್ಟಳು. ಅವರಿಗೆ ಅದನ್ನು ಎಲ್ಲಿಡಬೇಕೆಂದು ತೋಚದೆ ಬಹಳ ಹೊತ್ತು ಹಾಗೆಯೇ ಕೈ ಚಾಚಿ ನಿಂತಿದ್ದರು. ಅವಳ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಯಾರೂ ತೀರ್ಪು ಹೇಳಲಿಲ್ಲ. ಜನ ಒಬ್ಬೊಬ್ಬರೇ ಎದ್ದು ಚಪ್ಪಲಿ ಹುಡುಕತೊಡಗಿದರು.

ಗಿರಿಯಪ್ಪ ಮಗಳೊಂದಿಗೆ ಮಾತು ಬಿಟ್ಟ. ಗಿರಣಿಯ ಬೆಲ್ಟು ಹರಿದ ದಿನ ಬೇರೆ ದಾರಿಯಿಲ್ಲದೆ ಮತ್ತೆ ಮಾತಾಡಿದ. ಜಯದೇವ ಸೋಡಾ ಫ್ಯಾಕ್ಟರಿ ನೋಡಿಕೊಂಡಿದ್ದಾನೆ. ನನ್ನ ಅಂಗಡಿಯ ಮುಂದೆ ಹಾದುಹೋದರೆ ನಿಂತು ಮಾತಾಡಿಸುತ್ತಾನೆ, ಮಾತು ಮುಗಿಯುವವರೆಗೂ ನಿಲ್ಲುತ್ತಾನೆ. ಈಗ ದಡ ದಾಟಿದ ಕೆಲವು ಮದುವೆಗಳಲ್ಲಿ ತಾಳಿಗೆ ಮುಂಚೆ ಡೋಲು ನಿಲ್ಲಿಸಿ ಹುಡುಗಿಯನ್ನು ಒಂದು ಮಾತು ಕೇಳುತ್ತಾರೆ. ಎಲ್ಲ ಮದುವೆಗಳಲ್ಲಿ ಅಲ್ಲ. ಕೇಳುವ ಕಡೆಯಲ್ಲೂ ಆಚೆದಡದವರು ಚಡಪಡಿಸುತ್ತಾರೆ, ಪುರೋಹಿತರು ಮುಹೂರ್ತ ಮೀರುತ್ತದೆ ಎನ್ನುತ್ತಾರೆ. ನನಗಂತೂ ಆ ಮೌನವನ್ನು ಕೂಡಿಸುವುದು ಬಹಳ ತ್ರಾಸದ ಕೆಲಸ, ಅದರಲ್ಲಿ ಹಿಡಿದುಕೊಳ್ಳಲು ಯಾವ ಗುರುತೂ ಇರುವುದಿಲ್ಲ.

ಅದೆಲ್ಲ ಆಮೇಲಿನ ಮಾತು. ಆ ಭಾನುವಾರ ಇಳಿಹೊತ್ತಿನಲ್ಲಿ ನಾನು ರೀಲಿನ ಡಬ್ಬಿ ಹೊತ್ತು, ಸುಲೋಚನ ಟೇಪಿನ ಚೀಲ ಹಿಡಿದು ಮನೆಯ ಕಡೆ ಹೊರಟೆವು. ಬೀದಿಯಲ್ಲಿ ಜನ ನಮ್ಮನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. ನಾನು ಎದುರಿಗೆ ಬಂದವರಿಗೆಲ್ಲ, ಕೇಳದಿದ್ದರೂ, ಡಬ್ಬಿಗಳು ಒಂದೇ ಥರ ಇದ್ದದ್ದನ್ನು ವಿವರಿಸಿದೆ. ಎಣ್ಣೆ ಅಂಗಡಿ ದಾಟಿದ ಮೇಲೆ ಎದುರಿಗೆ ಯಾರೂ ಬರಲಿಲ್ಲ. ಸುಮ್ಮನೆ ನಡೆಯುವುದು ನನಗೆ ಅಭ್ಯಾಸವಿಲ್ಲ.

“ಸುಲೋಚನ, ನಮ್ಮ ಮದುವೇಲಿ ನೀನೂ...” ಎಂದೆ.

“ಅಂದಿದ್ದೆ” ಎಂದಳು.

ನಾನು ಡಬ್ಬಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದೆ.

“ಗಟ್ಟಿಮೇಳದಲ್ಲಲ್ಲ. ಹಿಂದಿನ ದಿನ, ಅರಿಶಿನ ಹಚ್ಚುವಾಗ. ಅಮ್ಮ ನನ್ನ ಬಾಯಿಗೂ ಅರಿಶಿನ ಬಳಿದ್ರು.” ಅವಳು ಹೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಬೇಳೆ ಮುಗಿದಿದೆ ಎಂದು ಹೇಳುವಾಗಲೂ ಅವಳು ಹಾಗೆಯೇ ಹೇಳುತ್ತಾಳೆ. “ಮೊದಲನೇ ವರ್ಷ ಎರಡು ಸಲ ಬಟ್ಟೆ ಗಂಟು ಕಟ್ಟಿಕೊಂಡು ಸೇತುವೆ ತನಕ ಹೋಗಿದ್ದೆ.”

“ನನಗೆ ಗೊತ್ತೇ ಆಗಲಿಲ್ಲವಲ್ಲ!”

“ನೀವು ಮಾತಾಡ್ತಾ ಇದ್ರಿ.”

ಇದಕ್ಕೆ ಕೊಡಬಹುದಾದ ಉತ್ತರಗಳು ನನ್ನ ಬಳಿ ಬಹಳ ಇದ್ದವು. ಕೆಲವು ತಾಂತ್ರಿಕವಾದವು. ಒಂದೆರಡು ಗಂಟಲವರೆಗೆ ಬಂದವು ಕೂಡ.

“ವಾಪಸ್ ಯಾಕೆ ಬಂದೆ?” ಎಂದು ಕೇಳಿದೆ.

ಅವಳು ಚೀಲವನ್ನು ಎಡಗೈಗೆ ತೆಗೆದುಕೊಂಡಳು. ಆಮೇಲೆ ಶುರುಮಾಡಿದಳು. ಮೊದಲು ಸೇತುವೆಯ ಮೇಲೆ ಸಿಕ್ಕಿದ್ದ ಒಬ್ಬ ಬಳೆಗಾರ್ತಿಯ ವಿಷಯ, ಅಲ್ಲಿಂದ ಅವಳ ಅಪ್ಪನ ವಿಷಯ, ನಾನು ಎಂದೂ ಕೇಳಿರದ ಅವಳ ಒಬ್ಬ ಗೆಳತಿಯ ವಿಷಯ. ನಡುವೆ ನಮ್ಮ ಮನೆ ಬಂತು. ಬಾಗಿಲ ಕೀಲಿ ನನ್ನ ಸೊಂಟದಲ್ಲಿತ್ತು. ಅವಳು ಮಾತಿನ ಭರದಲ್ಲಿ ಮನೆಯನ್ನು ದಾಟಿ ಮುಂದೆ ಹೋದಳು. ನಾನು ಏನೂ ಹೇಳದೆ ಡಬ್ಬಿ ಹೊತ್ತು ಅವಳ ಪಕ್ಕದಲ್ಲೇ ನಡೆದೆ.